ಗ್ರಾನೈಟ್‌ನಲ್ಲಿ ಸೀಸಿಯಂ: ಪುಡಿಯ ಕೆಡಿ ಹಿಡಿಯಬೇಕೋ, ಬಿಲ್ಲೆಯದೋ?

ಕಲ್ಲುಬಿಲ್ಲೆ:
ಒಂದೇ ಗ್ರಾನೈಟ್, ಒಂದೇ ಕೃತಕ ಅಂತರ್ಜಲ. 0.25 ಮಿಮೀಗಿಂತ ಸಣ್ಣ ಪುಡಿಯಲ್ಲಿ ಸೀಸಿಯಂ-137ರ ವಿತರಣಾ ಗುಣಾಂಕ (ಕೆಡಿ: ಸಮತೋಲನದಲ್ಲಿ ಕಲ್ಲು ಹಿಡಿದ ಪಾಲಿಗೂ ನೀರಿನಲ್ಲಿ ಉಳಿದ ಸಾರತೆಗೂ ಇರುವ ಅನುಪಾತ) ಕೆಜಿಗೆ 0.05 ಘನ ಮೀಟರ್ ಬರುತ್ತಿದೆ. ಒಡೆಯದ ಬಿಲ್ಲೆಯಲ್ಲಿ ಸುಮಾರು 0.01. ಬಿರುಕಿನ ನೀರಿನಿಂದ ಸೀಸಿಯಂ ಬಂಡೆಯೊಳಕ್ಕೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕಕ್ಕೆ ಯಾವುದನ್ನು ಹಾಕಬೇಕು? ಇನ್ನೊಂದು: 1 ಸೆಂಮೀ ದಪ್ಪದ ಬಿಲ್ಲೆಯನ್ನು ಎರಡು ಕೋಶಗಳ ನಡುವೆ ಕೂರಿಸಿ, ಸೀಸಿಯಂ ಆಚೆ ಬದಿಗೆ ದಾಟುವುದನ್ನು ಅಳೆಯುವ ಯೋಚನೆ ಇದೆ. ಎಷ್ಟು ತಿಂಗಳು ಬಿಡಬೇಕು?

ಅಭ್ರಕ:
ಪುಡಿಯ ಅಂಕಿಯನ್ನು ನೇರವಾಗಿ ಹಾಕಬೇಡಿ. ಕಲ್ಲು ಒಡೆದಾಗ ಬಂಡೆಯೊಳಗೆ ನೀರಿಗೆ ಸಿಗದೇ ಇದ್ದ ಮೈಯೆಲ್ಲ ತೆರೆದುಕೊಳ್ಳುತ್ತದೆ, ಕೆಡಿ ಉಬ್ಬುತ್ತದೆ.

ಗ್ರಾನೈಟ್‌ನಲ್ಲಿ ಸೀಸಿಯಂ ಹಿಡಿಯುವುದು ಮುಖ್ಯವಾಗಿ ಬಯೊಟೈಟ್ (ಕಪ್ಪು ಅಭ್ರಕ). ಕ್ವಾರ್ಟ್ಜ್ ಲೆಕ್ಕಕ್ಕಿಲ್ಲ, ಫೆಲ್ಡ್‌ಸ್ಪಾರ್‌ನ ಪಾಲು ಅಲ್ಪ. ಬಯೊಟೈಟ್‌ನಲ್ಲೂ ಬಲವಾದ ಹಿಡಿತ ಇರುವುದು ಪದರಗಳ ಚಪ್ಪಟೆ ಮೈಯಲ್ಲಲ್ಲ, ಸವೆದು ಬಾಯ್ಬಿಟ್ಟ ಅಂಚುಗಳಲ್ಲಿ. ಅಲ್ಲಿ ಜಾಗ ಕಡಿಮೆ, ಆದರೆ ಕೂತ ಸೀಸಿಯಂ ಅನ್ನು ಸೋಡಿಯಂ, ಕ್ಯಾಲ್ಸಿಯಂ ಸುಲಭವಾಗಿ ಎಬ್ಬಿಸಲಾರವು. ಪೊಟ್ಯಾಸಿಯಂ, ಅಮೋನಿಯಂ ಎಬ್ಬಿಸಬಲ್ಲವು. ಹಾಗಾಗಿ ಕೃತಕ ನೀರಿನಲ್ಲಿ ಪೊಟ್ಯಾಸಿಯಂ ಮಟ್ಟ ಸರಿಯಿಲ್ಲದಿದ್ದರೆ ಉಳಿದ ಶ್ರಮವೆಲ್ಲ ದಂಡ. ಸೀಸಿಯಂ ಸಾರತೆಯನ್ನೂ ಬರೆದಿಡಿ: ಆ ಅಂಚುಗಳು ಬೇಗ ತುಂಬಿಬಿಡುವುದರಿಂದ 10⁻⁸ ಮೋಲಾರ್‌ನಲ್ಲಿ ಸಿಕ್ಕ ಕೆಡಿ 10⁻⁴ ಮೋಲಾರ್‌ನಲ್ಲಿ ಸಿಗದು.

ಜರಡಿಯಲ್ಲಿ ಒಂದು ಮೋಸ ಇದೆ. ಬಯೊಟೈಟ್ ಹಾಳೆಹಾಳೆಯಾಗಿ ಸೀಳುತ್ತದೆ, ಫೆಲ್ಡ್‌ಸ್ಪಾರ್ ಕಾಳಾಗಿ ಒಡೆಯುತ್ತದೆ. ಹೀಗಾಗಿ ಒಂದೊಂದು ಜರಡಿ ಭಾಗದಲ್ಲಿ ಬಯೊಟೈಟ್ ಪಾಲು ಬೇರೆಬೇರೆ. ಅದನ್ನು ಅಳೆಯದೆ ಕಾಳಿನ ಗಾತ್ರಕ್ಕೂ ಕೆಡಿಗೂ ಸಂಬಂಧ ಕಟ್ಟಬೇಡಿ.

ಕನಿಷ್ಠ ಮೂರ್ನಾಲ್ಕು ಗಾತ್ರ ತೆಗೆದುಕೊಳ್ಳಿ. 63 ಮೈಕ್ರೊಮೀಟರ್‌ಗಿಂತ ಸಣ್ಣ ದೂಳನ್ನು ತೊಳೆದು ತೆಗೆಯಿರಿ. 1 ಗ್ರಾಂಗೆ 20 ಮಿಲೀ ನೀರು. ಎರಡು ವಾರ ನೀರು ಬದಲಿಸುತ್ತ ರಸಾಯನ ಸ್ಥಿರವಾದ ಮೇಲೆ ಟ್ರೇಸರ್ (ಗುರುತಿಗೆ ಬೆರೆಸುವ ವಿಕಿರಣಶೀಲ ಸೀಸಿಯಂ) ಹಾಕಿ. ಕಲ್ಲಿಲ್ಲದ ಖಾಲಿ ಬಾಟಲಿಯೂ ಜೊತೆಗಿರಲಿ, ಗೋಡೆಗೆ ಅಂಟಿದ್ದು ಎಷ್ಟೆಂದು ತಿಳಿಯುತ್ತದೆ. ಕೆಡಿಯನ್ನು 1/ವ್ಯಾಸದ ಎದುರು ಗುರುತಿಸಿ ಗೆರೆ ಎಳೆದರೆ, ಅದು ಲಂಬ ಅಕ್ಷವನ್ನು ಕಡಿಯುವ ಬೆಲೆಯೇ ಒಳಮೈಯ ಕೆಡಿ. ಎಲ್ಲ ಕಾಳುಗಳೂ ಸಮತೋಲನ ತಲುಪಿರಬೇಕು, ಅಷ್ಟೇ.

ಮಂದಗಾಮಿ:
ಆ "ಅಷ್ಟೇ" ಇದೆಯಲ್ಲ, ಎಡವುವುದು ಅಲ್ಲೇ. ಗ್ರಾನೈಟ್‌ನ ಪರಿಣಾಮಕಾರಿ ವಿಸರಣಾಂಕ (ಬಂಡೆಯ ರಂಧ್ರಗಳ ಮೂಲಕ ವಸ್ತು ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) 10⁻¹³ ಮೀ²/ಸೆ, ರಂಧ್ರಾಂಶ 0.5%, ಸಾಂದ್ರತೆ ಘನ ಮೀಟರ್‌ಗೆ 2,700 ಕೆಜಿ ಅಂತ ಹಿಡಿಯೋಣ. ಕೆಡಿ 0.01 ಆದರೆ ಧಾರಣಾಂಶ (ರಂಧ್ರಾಂಶ + ಸಾಂದ್ರತೆ × ಕೆಡಿ) ಸುಮಾರು 27. ಪರಿಣಾಮಕಾರಿ ವಿಸರಣಾಂಕವನ್ನು ಇದರಿಂದ ಭಾಗಿಸಿದರೆ ತೋರಿಕೆಯ ವಿಸರಣಾಂಕ, ಅಂದರೆ ಕಲ್ಲಿಗೆ ಅಂಟುತ್ತ ಸಾಗುವಾಗಿನದು, 3.7 × 10⁻¹⁵ ಮೀ²/ಸೆ. 1 ಮಿಮೀ ವ್ಯಾಸದ ಕಾಳು ಒಳಗಿನವರೆಗೆ ತುಂಬಲು ಅರ್ಧ ವರ್ಷಕ್ಕೂ ಮೇಲೆ ಬೇಕು; 0.1 ಮಿಮೀ ಕಾಳಿಗೆ ಎರಡು ದಿನ ಸಾಕು. ಒಂದು ತಿಂಗಳಿಗೆ ನಿಲ್ಲಿಸಿದರೆ ದಪ್ಪ ಕಾಳಿನ ಕೆಡಿ ಕಡಿಮೆ ಬರುತ್ತದೆ, ಗೆರೆ ವಾಲುತ್ತದೆ.

ಬಿಲ್ಲೆಯ ವಿಷಯ. ವಿಳಂಬಕಾಲ (ಆಚೆ ಬದಿಗೆ ಸ್ಥಿರವಾಗಿ ದಾಟುವ ಮೊದಲು ಹಿಡಿಯುವ ಕಾಲ) = ದಪ್ಪ² × ಧಾರಣಾಂಶ ÷ (6 × ಪರಿಣಾಮಕಾರಿ ವಿಸರಣಾಂಕ). ಕಲ್ಲಿಗೆ ಅಂಟದ ಟ್ರಿಟಿಯಂ ನೀರಿಗೆ (ವಿಕಿರಣಶೀಲ ಹೈಡ್ರೋಜನ್ ಇರುವ ನೀರು) ಧಾರಣಾಂಶ ಎಂದರೆ ಬರೀ ರಂಧ್ರಾಂಶ, ಹತ್ತು ದಿನ ಸಾಕು. ಸೀಸಿಯಂಗೆ 140 ವರ್ಷ! ತಿಂಗಳ ಮಾತೇ ಇಲ್ಲ. ತೆಳ್ಳಗೆ ಮಾಡೋಣವೆಂದರೆ, ಗ್ರಾನೈಟ್ ಹರಳುಗಳೇ ಕೆಲವು ಮಿಲಿಮೀಟರ್ ಇರುವುದರಿಂದ ಒಂದೇ ಹರಳು ಬಿಲ್ಲೆಯ ಎರಡೂ ಬದಿ ಮುಟ್ಟಿಬಿಡುತ್ತದೆ.

ಕಲ್ಲುಬಿಲ್ಲೆ:
ಹಾಗಾದರೆ ಟ್ರಿಟಿಯಂ ನೀರಿನಿಂದ ವಿಸರಣಾಂಕ ತೆಗೆದು, ಸೀಸಿಯಂಗೂ ಅದನ್ನೇ ಹಾಕಿದರೆ?

ಮಂದಗಾಮಿ:
ಬೇಡ. ತೆಳು ಲವಣದ ನೀರಿನಲ್ಲಿ ಸೀಸಿಯಂ, ಸ್ಟ್ರಾನ್ಷಿಯಂನಂಥ ಧನ ಅಯಾನುಗಳು ರಂಧ್ರಗಳ ಋಣ ಆವೇಶದ ಗೋಡೆಯ ಪಕ್ಕ ಸಾಂದ್ರವಾಗಿ ಸರಿಯುತ್ತವೆ, ಅವುಗಳ ವಿಸರಣಾಂಕ ನೀರಿನದಕ್ಕಿಂತ ಹೆಚ್ಚು ಬರಬಹುದು. ಕ್ಲೋರೈಡ್, ಅಯೋಡೈಡ್‌ಗಳದು ಕಡಿಮೆ. ಲವಣ ಹೆಚ್ಚಿದಂತೆ ಈ ಅಂತರ ಕುಗ್ಗುತ್ತದೆ.

ಆಚೆ ಬದಿಗೆ ದಾಟಿಸುವ ಬದಲು ಒಂದೇ ಮುಖದಿಂದ ಸೀಸಿಯಂ ಇಳಿಯಲು ಬಿಡಿ. ಅಂಚಿಗೆ ಎಪಾಕ್ಸಿ ಬಳಿಯಿರಿ. ಬಿಲ್ಲೆಯನ್ನು ನಿರ್ವಾತದಲ್ಲಿಟ್ಟು ನೀರು ಕುಡಿಸಿ, ತೂಕ ಸ್ಥಿರವಾದ ಮೇಲೆಯೇ ಶುರು ಮಾಡಿ. ಮೊದಲು ಒಣಗಿಸುವುದಾದರೆ 105 ಡಿಗ್ರಿಯ ಒಲೆ ಬೇಡ, ಹರಳುಗಳ ನಡುವೆ ಹೊಸ ಬಿರುಕು ಏಳುತ್ತದೆ. 180 ದಿನಕ್ಕೆ ಸೀಸಿಯಂ ಇಳಿಯುವುದು ಅರ್ಧ ಮಿಲಿಮೀಟರ್ ಆಸುಪಾಸು, ಆದ್ದರಿಂದ 20–50 ಮೈಕ್ರೊಮೀಟರ್‌ನಂತೆ ಉಜ್ಜಿ ತೆಗೆದು ಒಂದೊಂದು ಪದರವನ್ನೂ ಗಾಮಾ ಎಣಿಕೆಗೆ ಹಾಕಿ. ಇಳಿಕೆಯ ಆಕಾರದಿಂದ ವಿಸರಣಾಂಕ ÷ ಧಾರಣಾಂಶ ಸಿಗುತ್ತದೆ; ದ್ರಾವಣದ ಸಾರತೆ ಬದಲಾಗದಂತೆ ನೋಡಿಕೊಂಡಿದ್ದರೆ ಒಟ್ಟು ಹೀರಿದ್ದರಿಂದ ಅವೆರಡರ ಗುಣಲಬ್ಧ. ಎರಡೂ ಸೇರಿದರೆ ಕೆಡಿ, ವಿಸರಣಾಂಕ ಬೇರೆಬೇರೆ ಸಿಗುತ್ತವೆ. ಲೆಕ್ಕಕ್ಕೆ ಇವನ್ನೇ ಹಾಕಿ.

ಅಭ್ರಕ:
ಪ್ರತಿ ಪದರಕ್ಕೂ ಹೊಸ ಉಜ್ಜುಕಾಗದ. ಇಲ್ಲದಿದ್ದರೆ ಮೇಲಿನ ಸೀಸಿಯಂ ಒಳಕ್ಕೆ ಸವರಿಕೊಂಡು, ಇಳಿಕೆಗೆ ಉದ್ದನೆಯ ಬಾಲ (ಆಳದಲ್ಲೂ ಮುಗಿಯದೆ ಉಳಿಯುವ ಸಣ್ಣ ಅಂಶ) ಬರುತ್ತದೆ. ಬಾಲ ಬಂದರೆ ಅದೆಲ್ಲ ಕೊಳೆಯೇ ಅಂತಲೂ ತಳ್ಳಿಹಾಕಬೇಡಿ: ಸ್ವೀಡನ್ನಿನ ಎಸ್ಪೊ ಭೂಗತ ಪ್ರಯೋಗಾಲಯದ ಎಲ್‌ಟಿಡಿಇ-ಎಸ್‌ಡಿ ಎಂಬ ದೀರ್ಘಕಾಲದ ವಿಸರಣೆ ಪ್ರಯೋಗದಲ್ಲೂ ಸರಳ ಮಾದರಿಗೆ ಹೊಂದದ ಬಾಲಗಳು ಕಂಡಿವೆ, ಸೂಕ್ಷ್ಮ ಬಿರುಕುಗಳ ಪಾತ್ರವೂ ಚರ್ಚೆಗೆ ಬಂದಿದೆ. ಅಡ್ಡ ಸೀಳಿದ ಇನ್ನೊಂದು ಬಿಲ್ಲೆಯ ಮೇಲೆ ಆಟೊರೇಡಿಯೋಗ್ರಫಿ ಫಿಲ್ಮ್ (ವಿಕಿರಣ ಬಿದ್ದಲ್ಲಿ ಕಪ್ಪಾಗುವಂಥದ್ದು) ಇಟ್ಟು ನೋಡಿ. ಕಪ್ಪು ಕಲೆ ಬಯೊಟೈಟ್ ಅಂಚುಗಳನ್ನೋ ಬಿರುಕನ್ನೋ ಹಿಡಿದು ಹೋದರೆ ಬಾಲ ನಿಜ. ಸವರಿದ ಹಾಗೆ ಎಲ್ಲೆಡೆ ಮಾಸಲಾಗಿ ಹರಡಿದ್ದರೆ ಸಿದ್ಧತೆಯಲ್ಲೇ ತಪ್ಪಿದೆ.