ಅಪ್‌ಡೇಟ್: ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಕ್ಕಿತು

ವೈಟ್‌ಫೀಲ್ಡಿನ ಕಚೇರಿಯ ಸಮೀಪ 25,000 ರೂಪಾಯಿಯೊಳಗೆ ಅನುಕೂಲವಾದ ಎರಡು ಕೋಣೆಗಳ ಫ್ಲ್ಯಾಟ್ ಸಿಗಬಹುದೇ ಎಂದು ಹಿಂದೆ ಕೇಳಿದ್ದೆ. ಅಲ್ಲಿ ಸಿಗಲಿಲ್ಲ, ಆದರೆ 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೂ ಓಡುತ್ತಿರುವುದರಿಂದ, ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಕೆಂಗೇರಿಯ ಕಡೆ ಹುಡುಕಿ, ನಿಲ್ದಾಣಕ್ಕೆ ನಡೆದು ಹೋಗಬಹುದಾದ, ಗಾಳಿ ಬೆಳಕು ಚೆನ್ನಾಗಿರುವ ಮನೆಯೊಂದನ್ನು 22,000 ರೂಪಾಯಿಗೆ ಒಪ್ಪಿಕೊಂಡೆವು. ಪ್ರಯಾಣ ದೀರ್ಘವೇ, ಆದರೂ ಬೆಳಿಗ್ಗೆ ಕೂರಲು ಜಾಗ ಸಿಗುತ್ತದೆ.

ಬಾಡಿಗೆಗಿಂತ ಮುಂಗಡವೇ ಹೆಚ್ಚು ಕಾಡಿತು. ಮಾಲೀಕರು ನಗರದ ಹಳೆಯ ರೂಢಿಯಂತೆ ಹತ್ತು ತಿಂಗಳ ಬಾಡಿಗೆ ಕೇಳಿದರು; ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದಾದರೂ, ರಾಜ್ಯಗಳು ಅಳವಡಿಸಿಕೊಳ್ಳದೆ ಅದು ಅನ್ವಯಿಸುವುದಿಲ್ಲ. ಕೊನೆಗೆ ಐದು ತಿಂಗಳಿಗೆ ಒಪ್ಪಿಸಿ, ಬಣ್ಣದ ಖರ್ಚು, ನಿರ್ವಹಣಾ ಶುಲ್ಕ, ವಾರ್ಷಿಕ ಏರಿಕೆಗಳನ್ನು ಹನ್ನೊಂದು ತಿಂಗಳ ಕರಾರಿನಲ್ಲಿಯೇ ಬರೆಸಿಕೊಂಡೆವು.