ಸಪ್ಪೆ: ಸಿನಿಮಾಗೂ ನೋಡಿದೋರಿಗೂ ಒಂದೇ ಪದನಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ದಾವಣಗೆರೇಲಿ ಒಂದು ಸೂಪರ್‌ಹೀರೋ ಸಿನಿಮಾದ ಪ್ರೀಮಿಯರ್ ಶೋಗೆ ಹೋಗಿದ್ವಿ, ರಿಲೀಸ್‌ನ ಹಿಂದಿನ ರಾತ್ರಿ, ಕನ್ನಡಕ್ಕೆ ಡಬ್ ಆಗಿದ್ದು. ಹೀರೋ ಮೊದಲ್ನೇ ಸಲ ಹಾರಿದಾಗ ಬಿದ್ದ ಶಿಳ್ಳೆ ಇಂಟರ್ವಲ್ ಹೊತ್ತಿಗೆ ನಿಂತೇ ಹೋಗಿತ್ತು, ಕೊನೇ ಫೈಟಲ್ಲಿ ಇಡೀ ಊರೇ ಕುಸಿದು ಬೀಳ್ತಿದ್ರೂ ಮುಂದಿನ ಸಾಲಿನ ಹುಡುಗ್ರು ಮೊಬೈಲ್ ನೋಡ್ತಾ ಕೂತಿದ್ರು. ಹೊರಗೆ ಬೈಕ್ ತೆಗೀತಾ ಅವರಲ್ಲೇ ಒಬ್ಬ "ಬರೇ ಸಪ್ಪೆ ಐತಲೇ" ಅಂದ, ಇನ್ನೊಬ್ಬ "ಅದ್ಕೇ ಹಿಂಗೆ ಸಪ್ಪಗಾಗೀಯೇನು" ಅಂದ. ನನ್ನ ಪ್ರಶ್ನೆ ಈ ಸಪ್ಪೆ ಬಗ್ಗೆ.

ಬರವಣಿಗೇಲಿ ನಾವು ಇಂಥ ಕಡೆ ನಿರಾಶಾದಾಯಕ ಅಂತ ಹಾಕಿಬಿಡ್ತೀವಿ. ನಿರಾಶೆ ನಿರ್ ಮತ್ತು ಆಶೆ ಸೇರಿ ಆಗಿದ್ದು, ಆಸೆ ಇಟ್ಕೊಂಡ ಮನುಷ್ಯನಿಗೆ ಆಗೋದು ಅದು. ನೀರಸ ಬೇರೆ, ಅಲ್ಲಿ ಇರೋದು ರಸ, ಮುಂದೆ ರಕಾರ ಬಂದಾಗ ಅದೇ ನಿರ್, ಅಂದ್ರೆ ನಿಃ, ನೀ ಆಗುತ್ತೆ, ನೀರೋಗ ಆದ ಹಾಗೇ. ಅಂದ್ರೆ ಸಿನಿಮಾ ನೀರಸ, ನೋಡಿದ ನನಗೆ ನಿರಾಶೆ, ಎರಡಕ್ಕೂ ಬೇರೆ ಬೇರೆ ಪದ ಬೇಕು. ಸಪ್ಪೆ ಹಾಗಲ್ಲ, ಉಪ್ಪು ಖಾರ ಇಲ್ಲದ ಸಾರೂ ಸಪ್ಪೆ, ಸಿನಿಮಾನೂ ಸಪ್ಪೆ, ಅದನ್ನ ನೋಡಿ ಬಂದೋನ ಮುಖನೂ ಸಪ್ಪಗೆ. ಆ ಹುಡುಗ್ರು ಎರಡೇ ಮಾತಲ್ಲಿ ಎರಡೂ ಕಡೆ ಮುಟ್ಟಿಸಿಬಿಟ್ರು, ನನಗಂತೂ ಬಹಳ ಹಿಡಿಸ್ತು.

ಅದೇ ಸಿನಿಮಾದಲ್ಲಿ ಒಂದು ಕಡೆ ಅಪ್ಪ ಮಗನಿಗೆ "ನೀನು ನನ್ನನ್ನು ನಿರಾಶೆಗೊಳಿಸಿದೆ" ಅಂತಾನೆ. ಕಥೇಲಿ ಅದು ಎದೆಗೆ ನಾಟಬೇಕಾದ ಜಾಗ, ಥಿಯೇಟರಲ್ಲಿ ಒಬ್ರೂ ಅಲುಗಾಡಲಿಲ್ಲ. ನಮ್ಮ ಕಡೆ ಯಾವ ಅಪ್ಪ ಹಾಗೆ ಮಾತಾಡ್ತಾನೆ ಹೇಳಿ, "ನಿನ್ ಮ್ಯಾಲೆ ಏನೇನೋ ಆಸೆ ಇಟ್ಕಂಡಿದ್ನೆಲ್ಲೋ" ಅಂದಿದ್ರೆ ಸಾಕಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟ ಮೇಲೆ ಇಂಥ ಸಿನಿಮಾಗಳು ನಮ್ಮ ಭಾಷೇಲಿ ಬರೋಕೆ ದಾರಿ ಆಯ್ತು, ನನಗೆ ಅದು ನಿಜವಾಗ್ಲೂ ಖುಷಿ, ಅದಕ್ಕೇ ಡೈಲಾಗ್ ಬರೆಯೋರು ಥಿಯೇಟರ್ ಹೊರಗೆ ನಿಂತು ಜನ ಆಡೋ ಮಾತನ್ನ ಸ್ವಲ್ಪ ಕೇಳಿಸ್ಕೊಳ್ಳಲಿ ಅಂತ ಆಸೆ.

ಈಗ ನಿಮ್ಮ ಕಡೆ ಹೇಗೆ ಅಂತ ತಿಳಿಸಿ. ಕರಾವಳಿಯೋರು ಚಪ್ಪೆ ಅಂತೀರಲ್ಲ, ಅದನ್ನ ಊಟಕ್ಕೆ ಬಿಟ್ಟು ಸಿನಿಮಾ, ಭಾಷಣ, ನಾಟಕಕ್ಕೂ ಹೇಳ್ತೀರಾ? ಮುಖ ಚಪ್ಪೆ ಆಯ್ತು ಅನ್ನೋದುಂಟಾ? ವಿಮರ್ಶೆಯಲ್ಲಿ "ಎರಡನೇ ಅರ್ಧ ಸಪ್ಪೆ" ಅಂತ ಬರೆದ್ರೆ ತೀರಾ ಆಡುಮಾತು ಅನ್ಸುತ್ತಾ? ನನಗೆ ಅನ್ಸಲ್ಲ, ಆದ್ರೆ ಪೇಪರಲ್ಲಿ ಕೆಲಸ ಮಾಡೋರು ಇಲ್ಲಿದ್ದೀರಿ, ನೀವು ಹೇಳಿ.

ಇನ್ನೊಂದು. ನಮ್ಮ ಜಿಲ್ಲೇಲಿ ಮೆಕ್ಕೆಜೋಳ ಜಾಸ್ತಿ, ತೆನೆ ಮುರಿದ ಮೇಲೆ ಉಳಿಯೋ ಒಣ ದಂಟಿಗೂ ಸಪ್ಪೆ ಅಂತಾರೆ, ಕೆಲವು ಕಡೆ ಸೊಪ್ಪೆ. ಕಾಳು ಹೋಗಿ ದಂಟು ಉಳಿದಿದ್ದು ಅನ್ನೋ ಅರ್ಥದಿಂದ ರುಚಿ ಇಲ್ಲದ್ದು ಅನ್ನೋದು ಬಂತಾ ಅಂತ ಮೊದಲು ಅನ್ಸುತ್ತೆ, ಆದ್ರೆ ಸೊಪ್ಪೆ ರೂಪ ನೋಡಿದ್ರೆ ಅದು ಸೊಪ್ಪು ಕಡೆಯ ನೆಂಟು, ಚಪ್ಪೆ ನೋಡಿದ್ರೆ ರುಚಿಯ ಸಪ್ಪೆ ಬೇರೆಯೇ ಬೇರಿಂದ ಬಂದಂಗೆ ಕಾಣುತ್ತೆ. ಹಳಗನ್ನಡ ಓದಿರೋರು ಇದರ ಬಗ್ಗೆ ಬರೀರಿ, ಪ್ರಯೋಗ ಸಮೇತ ಕೊಟ್ರೆ ಇನ್ನೂ ಒಳ್ಳೇದು.