ಮನೆಯಲ್ಲೇ ಕ್ರೋಮ್ ಉಗುರು ಮಾಡ್ಕೊಂಡಿರೋರು ಅನುಭವ ಹೇಳ್ರಿ, ಅಕ್ಕನ ಮದುವೆ ಐತೆ

ಕೇಳ್ತಿರೋದು: ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮಕ್ಕನ ಮದುವೆ, ಹರಿಹರದಾಗೆ. ನಂಗೆ ಕನ್ನಡಿ ಥರ ಹೊಳೆಯೋ ಬೆಳ್ಳಿ ಬಣ್ಣದ ಕ್ರೋಮ್ ಉಗುರು ಬೇಕು. ಪಾರ್ಲರ್‌ನಾಗೆ ಒಬ್ಬರಿಗೆ 1,800 ಅಂದ್ರು. ಅಕ್ಕಂದೂ ನಂದೂ ಸೇರಿ 3,600 ಆಗುತ್ತೆ, ಮದುವೆ ಖರ್ಚಿನಾಗೆ ಅಪ್ಪಾಜಿ ಹತ್ರ ಅಷ್ಟು ಕೇಳೋಕೆ ಮನಸ್ಸು ಬರ್ತಿಲ್ಲ. ನನ್ನ ಹತ್ರ 1,000 ಐತೆ. ಉಗುರು ಕಚ್ಚೋ ಚಟ ಈಗಷ್ಟೇ ಬಿಟ್ಟೀನಿ, ಹಂಗಾಗಿ ಗಿಡ್ಡ ಅದಾವೆ, ತೆಳ್ಳಗೂ ಅದಾವೆ. ನಾನು ಎಡಚಿ, ಎಡಗೈಗೆ ಹಚ್ಕೊಳ್ಳೋದು ಹೆಂಗೆ ಅಂತಾನೂ ಗೊತ್ತಾಗ್ತಿಲ್ಲ. ಜೆಲ್ ಪಾಲಿಶ್ ಒಣಗಿಸೋ ಯುವಿ ಲ್ಯಾಂಪ್ ಇಲ್ದೆ ಆಗುತ್ತಾ?

ನಿಟ್ಟುವಳ್ಳಿಯಿಂದ

ಆಗುತ್ತಮ್ಮ, ಆದ್ರೆ ಮೊದಲನೇ ಸಲಕ್ಕೇ ಆಗುತ್ತೆ ಅನ್ಕೋಬೇಡ. ನಂದು ಕೂತಿದ್ದು ನಾಲ್ಕನೇ ಸಲಕ್ಕೆ. ಲೆಕ್ಕ ಎಲ್ಲಾ ಡೈರಿಯಾಗೆ ಬರೆದಿಟ್ಟೀನಿ. ಉಗುರಿನ ಮೇಲೆ ಉಜ್ಜೋ ಕ್ರೋಮ್ ಪೌಡರ್ 149, ಲ್ಯಾಂಪ್ 399, ಕಪ್ಪು ಜೆಲ್ 180, ಬೇಸ್ ಕೋಟ್ 210, ಟಾಪ್ ಕೋಟ್ 190. ಇಷ್ಟು ತಂದು ಕೂತ್ರೆ ಪೌಡರ್ ಉಗುರಿನ ಮೇಲೆ ರಾಗಿ ಹಿಟ್ಟು ಮೆತ್ತಿದಂಗೆ ಗಂಟು ಗಂಟಾಗಿ ಕೂತ್ಕಂತು. ಹೊಳಪು ಅನ್ನೋದೇ ಇಲ್ಲ. ಆಮೇಲೆ ಗೊತ್ತಾಯ್ತು, ನಾನು ತಂದಿದ್ದು ಒರೆಸೋ ಟಾಪ್ ಕೋಟ್. ಅದು ಲ್ಯಾಂಪಿನಿಂದ ಹೊರಗೆ ಬಂದ ಮೇಲೂ ಮೇಲುಗಡೆ ಅಂಟಂಟಾಗೇ ಇರುತ್ತೆ. ಕ್ರೋಮಿಗೆ ನೋ ವೈಪ್ ಅಂತ ಬರೆದಿರೋದೇ ಬೇಕು. ಅದಕ್ಕೆ ಮತ್ತೆ 320.

ಎರಡನೇ ಸಲ ಜಾಸ್ತಿ ಗಟ್ಟಿ ಆಗ್ಲಿ ಅಂತ ಕೈಯನ್ನ ಪೂರಾ 60 ಸೆಕೆಂಡ್ ಲ್ಯಾಂಪಿನಾಗೆ ಇಟ್ಟೆ. ಗಾಜಿನ ಮೇಲೆ ಧೂಳು ಹಾಕಿದಂಗೆ ಪೌಡರ್ ಎಲ್ಲಾ ಉದುರಿ ಹೋಯ್ತು. ಮೂರನೇ ಸಲ 30 ಸೆಕೆಂಡ್ ಇಟ್ಟು, ಕೈ ತೆಗೆದ ತಕ್ಷಣ, ಇನ್ನೂ ಬಿಸಿ ಇರೋವಾಗಲೇ ಐ ಶ್ಯಾಡೊ ಸ್ಪಾಂಜಿನಾಗೆ ಉಜ್ಜಿದೆ. ನನ್ನ ಮುಖ ಉಗುರಿನಾಗೆ ಕಾಣ್ತು! ನಿಜವಾಗ್ಲೂ ಕಣ್ಣೀರು ಬಂತು. ಆದ್ರೆ ಮೇಲಿನ ಕೋಟ್ ಉಗುರಿನ ತುದಿಗೆ ಸುತ್ತಿಸಿ ಹಚ್ಚಿರಲಿಲ್ಲ. ಮೂರನೇ ದಿನ ಪಾತ್ರೆ ತಿಕ್ಕೋವಾಗ ತುದಿಯಿಂದ ಸಿಪ್ಪೆ ಎದ್ದಂಗೆ ಎದ್ದು ಬಂತು. ಹೆಬ್ಬೆರಳಂತೂ ಒಂದು ಸಲಾನೂ ಸರಿಯಾಗಿ ಒಣಗಲಿಲ್ಲ, ಆ 399ರ ಸಣ್ಣ ಲ್ಯಾಂಪಿನಾಗೆ ಹೆಬ್ಬೆರಳು ಓರೆಯಾಗಿ ನಿಲ್ಲುತ್ತೆ, ಬೆಳಕು ಬೀಳಲ್ಲ. 950 ಕೊಟ್ಟು 48 ವ್ಯಾಟ್‌ದು ತಂದೆ. ಒಟ್ಟು 2,398 ರೂಪಾಯಿ. ಈಗ 12 ದಿನ ಅಲ್ಲಾಡಲ್ಲ.

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಲ್ಯಾಂಪ್ ಇಲ್ದೇನೂ ಆಗುತ್ತೆ. ನಾನು ಎರಡು ವರ್ಷದಿಂದ ಹಂಗೇ ಮಾಡ್ತಿರೋದು. ಮಾಮೂಲಿ ಕಪ್ಪು ನೇಲ್ ಪಾಲಿಶ್ ಹಚ್ಚಿ ಪೂರ್ತಿ ಒಣಗಿಸಬೇಕು, ಅದರ ಮೇಲೆ ನೀರಿನ ಆಧಾರದ ಟಾಪ್ ಕೋಟ್. ಅದು ಮುಟ್ಟಿದರೆ ಅಂಟದಷ್ಟು ಒಣಗಿದಾಗ ಪೌಡರ್ ಉಜ್ಜಬೇಕು, ಮತ್ತೆ ಅದೇ ಟಾಪ್ ಕೋಟ್ ಎರಡು ಸಲ. ಘಾಟು ವಾಸನೆ ಬರೋ ಮಾಮೂಲಿ ಟಾಪ್ ಕೋಟ್ ಹಚ್ಚಿದ್ರೆ ಕನ್ನಡಿ ಹೊಳಪು ಸತ್ತು ಸಿಲ್ವರ್ ಪೇಂಟ್ ಥರ ಆಗುತ್ತೆ. ನಂದು ಒಂದು ಸಲ ಹಂಗೇ ಹಾಳಾಯ್ತು, ತಮ್ಮನ ನಿಶ್ಚಿತಾರ್ಥದ ದಿನ ಬೆಳಿಗ್ಗೆ. ಹತ್ತೂ ಬೆರಳು ಒರೆಸಿ ಖಾಲಿ ಕೈಯಲ್ಲಿ ಹೋದೆ.

ನಮ್ಮೂರ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಕಿಟಕಿ ತೆಗೆದಿಟ್ಟು ಡಬ್ಬಿ ಮುಚ್ಚಳ ಬಿಚ್ಚಿದೆ. ಅರ್ಧ ಪೌಡರ್ ದೇವರ ಮನೆ ಬಾಗಿಲಿಗೆ ಬೆಳ್ಳಿ ಹೊದಿಸಿದಂಗೆ ಆಯ್ತು. ಅತ್ತೆ ಒಂದು ವಾರ ಮಾತಾಡಿಸಲಿಲ್ಲ. ಕಿಟಕಿ ಹಾಕಿ, ಫ್ಯಾನ್ ಆರಿಸಿ, ಪೇಪರ್ ಹಾಸಿಕೊಂಡೇ ಕೂರಬೇಕು.

ನಿಟ್ಟುವಳ್ಳಿಯಿಂದ

ಎರಡು ದಿನಕ್ಕೆ ಕಿತ್ತು ಬರೋದಕ್ಕೆ ಕ್ರೋಮ್ ಅಂತ ಯಾಕ್ರೀ ಅಂತೀರಾ. ಮದುವೆ ಮನೆಯಾಗೆ ನೂರು ಸಲ ಕೈ ತೊಳಿಬೇಕು.

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ನಂದು ಮೂರು ದಿನ ಇರುತ್ತೆ. ಮದುವೆ ಇರೋದೇ ಎರಡು ದಿನ. ತೆಗೆಯೋವಾಗ ಮಾಮೂಲಿ ರಿಮೂವರ್ ಸಾಕು, ಉಗುರು ಕೆರೆಯೋ ಕೆಲಸ ಇಲ್ಲ. ಆ ಹುಡುಗಿ ಉಗುರು ತೆಳ್ಳಗೈತೆ ಅಂತ ಬರೆದಿದ್ದಾಳೆ, ಓದಿದ್ರಾ?

ಪಿ.ಜೆ. ಬಡಾವಣೆ, ದಾವಣಗೆರೆ (ಪಾರ್ಲರ್ ನಡೆಸ್ತೀನಿ)

1,800 ಜಾಸ್ತಿ ಅನ್ನೋರಿಗೆ ಒಂದು ಮಾತು. ಒಂದು ಜೊತೆ ಕೈಗೆ ನಂಗೆ ಒಂದೂವರೆ ಗಂಟೆ ಹಿಡಿಯುತ್ತೆ. ಉಗುರಿನ ಬುಡದ ತೆಳು ಚರ್ಮ ಬಿಡಿಸ್ಬೇಕು, ಎಣ್ಣೆ ಅಂಶ ಒಂಚೂರೂ ಇಲ್ಲದಂಗೆ ಒರೆಸ್ಬೇಕು. ಬೇಸ್ ಎಷ್ಟು ನುಣುಪಾಗಿರಬೇಕಂದ್ರೆ, ಕ್ರೋಮ್ ಒಂದು ಗೆರೆನೂ ಬಚ್ಚಿಡಲ್ಲ, ಬೇರೆ ಬಣ್ಣದಾಗೆ ಕಾಣದಿರೋ ಗೀರೆಲ್ಲ ಕನ್ನಡಿಯಾಗೆ ಎದ್ದು ಕಾಣ್ತಾವೆ. ಕಪ್ಪು ಬೇಸ್ ಹಾಕಿದ್ರೆ ಕನ್ನಡಿ, ಬಿಳಿ ಬೇಸ್ ಹಾಕಿದ್ರೆ ಮುತ್ತಿನ ಹೊಳಪು, ಪೌಡರೂ ಬೇರೆ ಬೇರೆ. ಮೇಲಿನವರು 2,398 ಖರ್ಚು ಮಾಡಿ ನಾಲ್ಕು ಸಲ ಹಾಳು ಮಾಡ್ಕೊಂಡು ಕಲಿತಿದ್ದು ಇದನ್ನೇ. ನನ್ನ 1,800 ಹೆಂಗೆ ಜಾಸ್ತಿ ಆಯ್ತು? ಅಂಗಡಿ ಬಾಡಿಗೆ ಐತೆ, ಇಬ್ಬರು ಹುಡುಗೀರಿಗೆ ಸಂಬಳ ಕೊಡ್ತೀನಿ. ಕರೆಂಟ್ ಹೋದ್ರೆ ಅಂತ ಯುಪಿಎಸ್ ಹಾಕ್ಸೀನಿ, ಮನೆಯಾಗೆ ಅರ್ಧಕ್ಕೆ ಕರೆಂಟ್ ಹೋದ್ರೆ ಏನ್ ಮಾಡ್ತೀರಾ?

ನಿಟ್ಟುವಳ್ಳಿಯಿಂದ

ಹಾಳು ಮಾಡ್ಕೊಂಡಿದ್ದು ಮೂರು ಸಲ, ನಾಲ್ಕಲ್ಲ. ಸರಿಯಾಗಿ ಓದ್ರಿ ಮೇಡಂ. ಆಮೇಲೆ ನಾನು, ನಮ್ಮ ನಾದಿನಿ, ನಮ್ಮ ವಾರಗಿತ್ತಿ ಸೇರಿ ಅದೇ ಸಾಮಾನಿನಾಗೆ ಹನ್ನೊಂದು ಸಲ ಮಾಡ್ಕೊಂಡೀವಿ. 2,398ನ್ನ ಹನ್ನೊಂದರಿಂದ ಭಾಗಿಸ್ರಿ, 218 ಬರುತ್ತೆ. ಇನ್ನೂ ಅರ್ಧ ಡಬ್ಬಿ ಪೌಡರ್ ಐತೆ. ನಾನು ಯಾರ ಹೊಟ್ಟೆ ಮೇಲೂ ಹೊಡೀತಿಲ್ಲ. ನಂಗೆ ಕೈಲಾಗಲ್ಲ ಅಂತ ಒಬ್ರು ಪಾರ್ಲರ್‌ನವರೇ ಮುಖದ ಮೇಲೆ ಅಂದಿದ್ರು, ಆ ಮಾತಿಗೆ ಕಲಿತಿದ್ದು.

ಕರೆಂಟ್ ಹೋದ್ರೆ ಏನಾಗುತ್ತೆ ಅಂದ್ರಲ್ಲ, ನಂಗೆ ಆಗೈತೆ. ಕೈ ಹಂಗೇ ಹಿಡ್ಕೊಂಡು ಕೂತ್ರೆ ಆಯ್ತು, ಬೆಳಕು ಬೀಳೋವರೆಗೂ ಜೆಲ್ ಒಣಗಲ್ಲ. ಕೆಟ್ಟಿದ್ದು ಬೇರೆ: ಬಾಟಲಿಯನ್ನ ಬಿಸಿಲು ಬೀಳೋ ಕಿಟಕಿ ಪಕ್ಕ ಇಟ್ಟಿದ್ದೆ. ಬಿಸಿಲಿನಾಗೂ ಲ್ಯಾಂಪಿನ ಆ ಯುವಿ ಕಿರಣ ಇರುತ್ತೆ. ಸಂಜೆಗೆ ನೋಡಿದ್ರೆ 320ರ ಟಾಪ್ ಕೋಟ್ ಬೆಲ್ಲದ ಪಾಕದಂಗೆ ಗಟ್ಟಿ.

ಪಿ.ಜೆ. ಬಡಾವಣೆ, ದಾವಣಗೆರೆ

ಹಂಗಾದ್ರೆ ಆ 320 ಎರಡು ಸಲ ಆಯ್ತಲ್ಲ. ಲೆಕ್ಕದಾಗೆ ಬರೆದಿಲ್ಲ.

ನಿಟ್ಟುವಳ್ಳಿಯಿಂದ

ಎರಡನೇದು ನಾದಿನಿ ಕೊಡಿಸಿದ್ದು.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ನೀವು ದುಡ್ಡಿನ ಜಗಳ ಆಡ್ತಾ ಇದೀರಾ. ನಾನು ಕಳ್ಕೊಂಡಿದ್ದು ಕೈ ಚರ್ಮ. ಒಂದೂವರೆ ವರ್ಷ ಮನೆಯಲ್ಲೇ ಜೆಲ್ ಹಚ್ಕೊಂಡೆ. ಸಾಮಾನೆಲ್ಲ ಅಗ್ಗದ್ದು. ಹಚ್ಚೋವಾಗ ಪಕ್ಕದ ಚರ್ಮಕ್ಕೆ ತಾಗಿದ್ದನ್ನ ಒರೆಸದೇ ಲ್ಯಾಂಪಿಗೆ ಇಡ್ತಿದ್ದೆ, ಅದೇ ನನ್ನ ತಪ್ಪು. ಮೊದಲು ಉಗುರಿನ ಪಕ್ಕ ತುರಿಕೆ. ಆಮೇಲೆ ಬೆರಳ ತುದಿ ಸಿಪ್ಪೆ ಎದ್ದು, ಬಿರುಕು ಬಿಟ್ಟು, ರಾತ್ರಿ ಹೊತ್ತು ಉರಿ. ಸೋಪಿನ ಅಲರ್ಜಿ ಅಂತ ನಾಲ್ಕು ತಿಂಗಳು ಸೋಪು ಬದಲಾಯಿಸಿದೆ, ಪಾತ್ರೆಗೆ ಗ್ಲೌಸ್ ಹಾಕ್ಕೊಂಡೆ. ಒಂದು ಕಡೆ ಫಂಗಸ್ ಅಂತ ಕೊಟ್ಟ ಮುಲಾಮಿಗೆ 1,260 ಹೋಯ್ತು. ಕೊನೆಗೆ ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದ್ರು. ಜೆಲ್‌ನಲ್ಲಿರೋ ಹೀಮಾ ಅನ್ನೋ ಅಕ್ರಿಲೇಟಿಗೆ ಅಲರ್ಜಿ. ಒಂದು ಸಲ ಬಂದ್ರೆ ಸಾಮಾನ್ಯವಾಗಿ ಜೀವಮಾನ ಇರುತ್ತೆ ಅಂದ್ರು. ಹಲ್ಲಿಗೆ ತುಂಬೋ ಸಿಮೆಂಟಿನಲ್ಲೂ ಅದೇ ಜಾತಿಯ ವಸ್ತು ಇರುತ್ತೆ, ಈಗ ಹಲ್ಲಿನ ಡಾಕ್ಟರ್ ಹತ್ರ ಹೋದ್ರೆ ಮೊದಲು ಇದನ್ನೇ ಹೇಳ್ತೀನಿ.

ಇನ್ನೊಂದು. ಜೆಲ್ ಗಟ್ಟಿಯಾಗೋಕೆ ಹಾಕೋ ಟಿಪಿಒ ಅನ್ನೋ ರಾಸಾಯನಿಕವನ್ನ ಯುರೋಪ್ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಯಲ್ಲಿ ನಿಷೇಧಿಸಿದ್ದಾರೆ. ಬಾಟಲಿ ಹಿಂದೆ ಏನು ಬರೆದೈತೆ ಓದಿ ತಗೊಳ್ಳಿ. ಏನೂ ಬರೆದಿಲ್ಲ ಅಂದ್ರೆ ತಗೋಬೇಡಿ.

ಪಿ.ಜೆ. ಬಡಾವಣೆ, ದಾವಣಗೆರೆ

ಇದನ್ನೇ ನಾನು ಹೇಳೋದು. 30 ಸೆಕೆಂಡ್ ಇಟ್ಟು ಉಜ್ತಾರೆ, ಆಮೇಲೆ ಕೊನೇ ಟಾಪ್ ಕೋಟಿಗೆ ಪೂರ್ತಿ ಹೊತ್ತು ಇಡಲ್ಲ. ಒಳಗೆ ಹಸಿ ಉಳಿಯುತ್ತೆ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ಮೇಡಂ, ನನ್ನ ನೋವನ್ನ ನಿಮ್ಮ ಅಂಗಡಿ ಬೋರ್ಡ್ ಮಾಡ್ಕೋಬೇಡಿ. ನನ್ನ ಜೊತೆ ಪ್ಯಾಚ್ ಟೆಸ್ಟಿಗೆ ಕೂತಿದ್ದ ಇನ್ನೊಬ್ಬಳು ಪಾರ್ಲರ್‌ನಲ್ಲಿ ಕೆಲಸ ಮಾಡೋ ಹುಡುಗಿ. ದಿನಾ ಜೆಲ್ ಮುಟ್ಟಿ ಅವಳ ಬೆರಳು ನನಗಿಂತ ಕೆಟ್ಟಿತ್ತು.

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ

ನಾನು ನನ್ನ ಮದುವೆಗೇ ಮನೆಯಾಗೆ ಮಾಡ್ಕೊಂಡವಳು, ನನ್ನ ಮಾತು ಕೇಳು ತಂಗಿ. ಶುಕ್ರವಾರ ಮುತ್ತಿನ ಬಣ್ಣದ ಕ್ರೋಮ್ ಹಚ್ಕೊಂಡೆ. ಶನಿವಾರ ಅರಿಶಿಣ ಶಾಸ್ತ್ರ. ಸೋದರತ್ತೆ ಪ್ರೀತಿಯಿಂದ ಕೈತುಂಬಾ ಬಳಿದ್ರು. ತೊಳೆದು ನೋಡಿದ್ರೆ ಹತ್ತೂ ಉಗುರು ಹಳದಿ. ಸೋಪು, ನಿಂಬೆಹಣ್ಣು, ಸ್ಪಿರಿಟ್ ಯಾವುದಕ್ಕೂ ಪೂರ್ತಿ ಹೋಗಲಿಲ್ಲ. ಧಾರೆ ಫೋಟೊದಾಗೆಲ್ಲ ನನ್ನ ಉಗುರು ಕಾಮಾಲೆ ಬಂದಂಗೆ ಅದಾವೆ. ಆಲ್ಬಮ್‌ಗೆ 45,000 ಕೊಟ್ಟೀವಿ, ಇವತ್ತಿಗೂ ಬಿಚ್ಚಿ ನೋಡೋಕೆ ಸಂಕಟ. ಮದುವೆ ಆದ ಮೇಲೆ ತವರಿಗೆ ಬಂದು ಎರಡು ದಿನ ಮಹಡಿ ಮೇಲೆ ಬಟ್ಟೆ ಒಣಗಿಸ್ತಾ ಬಿಸಿಲಿನಾಗೆ ಕೂತೆ, ತಾನಾಗೇ ತಿಳಿಯಾಯ್ತು. ಅರಿಶಿಣದ ಕಲೆ ಬಿಸಿಲಿಗೆ ಮಾಸುತ್ತೆ, ಸೀರೆದೂ ಹಂಗೇ ಅಲ್ವಾ. ಇದು ಮೊದಲೇ ತಲೆಗೆ ಹೊಳೆದಿದ್ರೆ ಏನಾಗ್ತಿತ್ತು.

ಅರಿಶಿಣ ಆದ ಮೇಲೇ ಕ್ರೋಮ್ ಮಾಡ್ಕೋ. ಮೆಹಂದಿಗಿಂತ ಮೊದಲು, ಅರಿಶಿಣ ಆದ ಮೇಲೆ.

ಸಂತೇಪೇಟೆ, ಚಿತ್ರದುರ್ಗ (ಮೆಹಂದಿ ಹಾಕ್ತೀನಿ)

ಮೆಹಂದಿಗಿಂತ ಮೊದಲು ಬೇಡ. ಮೆಹಂದಿಗೆ ನೀಲಗಿರಿ ಎಣ್ಣೆ, ಲವಂಗದ ಎಣ್ಣೆ ಹಾಕಿರ್ತೀವಿ, ಅದು ತುದಿ ಸಂದಿಗೆ ಇಳಿದು ಜೆಲ್ ಏಳುತ್ತೆ. ಮೇಲಿನ ಕೋಟಿಗೂ ಕೆಂಪು ಹಿಡಿಯುತ್ತೆ. ಹದಿನಾಲ್ಕು ವರ್ಷದಿಂದ ಮದುಮಗಳ ಕೈ ನೋಡ್ತಿದೀನಿ. ಮೊದಲು ಮೆಹಂದಿ, ಮಾರನೇ ದಿನ ಉಗುರು.

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ

ಮಾರನೇ ದಿನ ಉಗುರಿಗೆ ಕೂತ್ರೆ ಸ್ಪಿರಿಟ್, ಅಸಿಟೋನ್ ಎಲ್ಲಾ ಬೆರಳ ತುದಿಗೆ ತಾಗಿ ಮೆಹಂದಿ ಮಾಸುತ್ತೆ. ಮೊದಲ ದಿನ ನೀರೂ ಮುಟ್ಟಬೇಡಿ ಅಂತ ನೀವೇ ಹೇಳ್ತೀರಲ್ಲ? ನಮ್ಮ ಚಿಕ್ಕಮ್ಮನ ಮಗಳಿಗೆ ಹಂಗೇ ಆಗಿ ಬೆರಳ ತುದಿ ಮಾತ್ರ ಕಿತ್ತಳೆ ಬಣ್ಣ ಉಳೀತು. ಮೆಹಂದಿಗೆ 2,500 ಕೊಟ್ಟಿದ್ರು.

ಸಂತೇಪೇಟೆ, ಚಿತ್ರದುರ್ಗ

ಅದು ಕೋನಿನ ತಪ್ಪು ಇರಬೇಕು. ಅಂಗಡಿ ಕೋನ್ ಹಾಕಿಸ್ಕೊಂಡ್ರೆ ಕಿತ್ತಳೆನೇ ಬರೋದು. ನಾನು ಸೊಪ್ಪಿನ ಪುಡಿ ಬಟ್ಟೇಲಿ ಸೋಸಿ ಮನೆಯಲ್ಲೇ ಕಲಿಸ್ತೀನಿ.

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ

ಅವರೂ ಮನೆಯಲ್ಲೇ ಕಲಿಸಿದ್ದು.

ಆಂಜನೇಯ ಬಡಾವಣೆ, ದಾವಣಗೆರೆ (ಸ್ಟಾಫ್ ನರ್ಸ್)

ಜೆಲ್ ತೆಗೆಯೋದರ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ವಾರ್ಡಿಗೆ ಹೆರಿಗೆಗೆ ಬಂದ ಒಬ್ಬ ಹೆಣ್ಣುಮಗಳ ಹತ್ತೂ ಬೆರಳಿಗೆ ಕಪ್ಪು ಬೇಸಿನ ಕ್ರೋಮ್ ಇತ್ತು. ಬೆರಳಿಗೆ ಹಾಕೋ ಆಕ್ಸಿಮೀಟರ್ ಬೆಳಕು ಉಗುರು ದಾಟಿ ಹೋಗಬೇಕು, ರೀಡಿಂಗ್ ಸರಿ ಬರ್ತಿರಲಿಲ್ಲ. ಕಿವಿಗೆ ಹಾಕಿ ನೋಡಿದ್ವಿ. ಮನೆಯಲ್ಲಿ ತೆಗೀಬೇಕಾದ್ರೆ ಮೇಲಿನ ಹೊಳಪನ್ನ ಫೈಲ್‌ನಿಂದ ಉಜ್ಜಿ, ಅಸಿಟೋನ್ ಹತ್ತಿ ಇಟ್ಟು ಫಾಯಿಲ್ ಸುತ್ತಿ 15 ನಿಮಿಷ ಬಿಡಿ. ಅಡುಗೆ ಮನೆಯಲ್ಲಿ ಮಾತ್ರ ಬೇಡ, ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತೆ. ಉಗುರಿಂದ ಎಬ್ಬಿಸಿ ಕೀಳಬೇಡಿ. ನಾನು ಕಿತ್ತೆ, ಉಗುರಿನ ಪದರವೇ ಬಂತು. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯೋದು, ಪೂರ್ತಿ ಸರಿ ಹೋಗೋಕೆ ಆರು ತಿಂಗಳು ಬೇಕಾಯ್ತು. ಬಿಸಿ ರೊಟ್ಟಿ ಮುರಿಯೋಕೂ ಆಗ್ತಿರಲಿಲ್ಲ.

ವಿದ್ಯಾನಗರ, ದಾವಣಗೆರೆ (ಕೇಳಿದವಳು)

ಎಲ್ಲರಿಗೂ ಥ್ಯಾಂಕ್ಸ್. ಅಲರ್ಜಿ ಅಕ್ಕನ ಮಾತು ಓದಿ ಜೆಲ್ ಬಿಟ್ಟೆ. ದುರ್ಗದ ಅಕ್ಕ ಹೇಳಿದಂಗೆ ಲ್ಯಾಂಪ್ ಇಲ್ದೆ ಬಲಗೈ ಹೆಬ್ಬೆರಳಿಗೆ ಮಾತ್ರ ಮಾಡಿ ನೋಡ್ದೆ. ಚೌಕಿಪೇಟೆಯಾಗೆ ಕಪ್ಪು ಪಾಲಿಶ್ 60ಕ್ಕೆ ಸಿಕ್ತು, ಪೌಡರ್ 180, ನೀರಿನ ಟಾಪ್ ಕೋಟ್ ಅಂಗಡಿಯಾಗೆ ಸಿಗಲಿಲ್ಲ, ಆನ್‌ಲೈನ್ 290. ಒಟ್ಟು 530. ಮೊದಲ ಸಲ ಪಾಲಿಶ್ ಹಸಿ ಇರೋವಾಗಲೇ ಉಜ್ಜಿ ಗೀರು ಬಿತ್ತು, ಎರಡನೇ ಸಲಕ್ಕೆ ಬಂತು. ಟ್ಯೂಬ್‌ಲೈಟ್ ಪೂರ್ತಿ ಕಾಣುತ್ತೆ! ಅಮ್ಮ ಕೈ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ಎರಡನೇ ದಿನ ಬೆಳ್ಳುಳ್ಳಿ ಬಿಡಿಸೋವಾಗ ತುದಿ ಸ್ವಲ್ಪ ಹೋಯ್ತು. ಅರಿಶಿಣ ಆದ ಮೇಲೇ ಹಚ್ಕೊಳ್ಳೋದು ಅಂತ ತೀರ್ಮಾನ. ಎಡಗೈಗೆ ಅಕ್ಕ ಹಚ್ತಾಳೆ, ಅವಳಿಗೆ ನಾನು. ಮೆಹಂದಿ ಮೊದಲಾ, ಉಗುರು ಮೊದಲಾ, ಅದೊಂದು ಹೇಳ್ರಿ. ಇದರಾಗೆ ಸ್ಪಿರಿಟ್ ಒರೆಸೋದು ಇಲ್ಲ.

ಸಂತೇಪೇಟೆ, ಚಿತ್ರದುರ್ಗ

ಮೆಹಂದಿ ಮೊದಲು.

ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ

ಸ್ಪಿರಿಟ್ ಇಲ್ಲ ಅಂದ್ರೂ ಚರ್ಮಕ್ಕೆ ತಾಗಿದ ಪಾಲಿಶ್ ರಿಮೂವರ್‌ನಿಂದಲೇ ಒರೆಸ್ಬೇಕಲ್ಲ ತಂಗಿ. ಉಗುರು ಮೊದಲು.